ಅರ್ಧ ಮನುಷ್ಯನ ಹಸಿವು

ಟೋಕಿಯೊದ ಇಪ್ಪತ್ತನೆಯ ವಾರ್ಡಿನ ಕಾಫಿ ಅಂಗಡಿಯೊಂದರಲ್ಲಿ ವಯಸ್ಸಾದ ಮಾಲೀಕ ಕಾಲೇಜು ಹುಡುಗನಿಗೆ ಸ್ಯಾಂಡ್‌ವಿಚ್ ತಿನ್ನುವುದನ್ನು ಹೇಳಿಕೊಡುತ್ತಾನೆ. ಕಚ್ಚಬೇಕು, ಅಗಿಯಬಾರದು, ಹಾಗೇ ನುಂಗಬೇಕು. ಎದುರಿಗೆ ಕೂತವರಿಗೆ ಮಾತ್ರ ಅಗಿದಂತೆ ಕಾಣಬೇಕು, ಸದ್ದೂ ಕೇಳಬೇಕು. ಅದು ಜೀರ್ಣವಾಗುವುದಕ್ಕೆ ಮೊದಲೇ ಎದ್ದು ಹೋಗಿ ಕಕ್ಕಿಬಿಡಬೇಕು. ಹುಡುಗನ ಹೆಸರು ಕನೆಕಿ ಕೆನ್; ಪುಸ್ತಕದ ಹುಳು, ಸಾಹಿತ್ಯದ ವಿದ್ಯಾರ್ಥಿ. ಮಾಲೀಕನ ಹೆಸರು ಯೊಶಿಮುರಾ. ಘೂಲ್ ಎಂಬ ನರಭಕ್ಷಕರಂತೆ ಇಬ್ಬರ ಹೊಟ್ಟೆಗೂ ಒಗ್ಗುವುದು ಎರಡೇ: ನರಮಾಂಸ ಮತ್ತು ಕಾಫಿ. ಸುಯಿ ಇಶಿದಾ ಬರೆದು ಚಿತ್ರಿಸಿದ ‘ಟೋಕಿಯೊ ಘೂಲ್’ ಮಾಂಗಾದಲ್ಲಿ ಕತ್ತಿಯಂತೆ ಹರಿಯುವ ಬಾಲಗಳು, ಕಿತ್ತುಬೀಳುವ ಕೈಕಾಲುಗಳು, ನೆತ್ತರ ಓಕುಳಿ ಎಲ್ಲವೂ ಧಾರಾಳವಾಗಿವೆ. ಆದರೂ ಓದುಗನ ಬೆನ್ನಹುರಿಯಲ್ಲಿ ಚಳಿ ಹುಟ್ಟಿಸುವುದು ಈ ಸ್ಯಾಂಡ್‌ವಿಚ್ಚಿನ ಪಾಠವೇ.

ಮನುಷ್ಯಲೋಕಕ್ಕೂ ರಾಕ್ಷಸಲೋಕಕ್ಕೂ ನಡುವೆ ಸಿಕ್ಕಿಬಿದ್ದವನ ಕಥೆ ಜಪಾನಿನ ಚಿತ್ರಕಥೆಗಳಲ್ಲಿ ಅರುವತ್ತು ವರ್ಷಗಳಿಂದಲೂ ಬರುತ್ತಿದೆ. ವಿಮರ್ಶಕರು ಇವುಗಳನ್ನು ನೋಡುವ ರೂಢಿಯ ಬಗೆ ಒಂದಿದೆ: ನಿಜವಾದ ರಾಕ್ಷಸ ಯಾರು, ಅವನೋ ನಾವೋ? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಇದು. ಕೇಳಿದವನೇ ಒಳ್ಳೆಯವನೆನಿಸಿಕೊಂಡು ಎದ್ದು ಹೋಗುತ್ತಾನೆ. ಈ ಪ್ರಕಾರದ ಒಳ್ಳೆಯ ಕೃತಿಗಳು ಕೇಳುವುದು ಅದಕ್ಕಿಂತ ಒರಟಾದ, ಹೊಟ್ಟೆಪಾಡಿನ ಪ್ರಶ್ನೆ. ತಿನ್ನುವವನೂ ತಿನ್ನಿಸಿಕೊಳ್ಳುವವನೂ ಒಂದೇ ಬೀದಿಯಲ್ಲಿ ಮನೆ ಮಾಡಿದರೆ ದಿನದ ಊಟ ಎಲ್ಲಿಂದ ಬರಬೇಕು? ಅದರ ಬೆಲೆಯನ್ನು ಯಾರು ಕೊಡಬೇಕು? ಎರಡು ಲೋಕಗಳ ಗಡಿ ಕಾಡಿನಲ್ಲೋ ಪಾತಾಳದಲ್ಲೋ ಇಲ್ಲ, ಅಡುಗೆಮನೆಯಲ್ಲೂ ಆಸ್ಪತ್ರೆಯಲ್ಲೂ ಇದೆ ಎಂಬುದು ಈ ಕಥೆಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಕಾಣುತ್ತದೆ.

ಈ ಸಾಲಿನ ಹಿರಿಯ ಶಿಗೆರು ಮಿಝುಕಿ. 1922ರಲ್ಲಿ ಹುಟ್ಟಿ ತೊತ್ತೊರಿ ಪ್ರಾಂತ್ಯದ ಸಕಾಯಿಮಿನಾತೊ ಎಂಬ ಬಂದರು ಊರಿನಲ್ಲಿ ಬೆಳೆದವರು. ಬಾಲ್ಯದಲ್ಲಿ ನೋನ್ನೋನ್‌ಬಾ ಎಂಬ ಮುದುಕಿ ಹೇಳುತ್ತಿದ್ದ ದೆವ್ವ ಭೂತಗಳ ಕಥೆ ಅವರ ತಲೆ ತುಂಬಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಅವರನ್ನು ಈಗಿನ ಪಾಪುವಾ ನ್ಯೂಗಿನಿಯ ರಬಾಲ್ ಪ್ರದೇಶಕ್ಕೆ ಕಳಿಸಿತು. ಅವರಿದ್ದ ತುಕಡಿ ನಾಶವಾಯಿತು. ಬದುಕಿ ಹೇಗೋ ಹಿಂತಿರುಗಿದವರಿಗೆ ಸಿಕ್ಕಿದ್ದು ಎಲ್ಲರೂ ಸತ್ತಾಗ ನೀನೇಕೆ ಸಾಯಲಿಲ್ಲ ಎಂಬ ಧಾಟಿಯ ಛೀಮಾರಿ. ಮಲೇರಿಯಾ ಹಿಡಿದು ಮಲಗಿದ್ದಾಗ ಬಾಂಬ್ ದಾಳಿಯಲ್ಲಿ ಎಡಗೈ ಹೋಯಿತು. ಅವರನ್ನು ಉಪಚರಿಸಿ ಉಣ್ಣಿಸಿದವರು ಹತ್ತಿರದ ಹಳ್ಳಿಯ ಸ್ಥಳೀಯರು. ಯುದ್ಧ ಮುಗಿದಾಗ ಅಲ್ಲೇ ಉಳಿದುಬಿಡುವ ಮನಸ್ಸೂ ಅವರಿಗಿತ್ತು. ಹೀಗೆ ಸ್ವಂತ ಸೈನ್ಯದ ಲೆಕ್ಕದಲ್ಲಿ ಸತ್ತಿರಬೇಕಾಗಿದ್ದ, ‘ಶತ್ರು ನೆಲ’ದವರ ಕೈತುತ್ತು ತಿಂದು ಉಳಿದ ಒಂಟಿಗೈಯ ಮನುಷ್ಯ ಸೃಷ್ಟಿಸಿದ ಹುಡುಗನೇ ಕಿತಾರೊ.

ಕಿತಾರೊ ಹುಟ್ಟುವುದು ಸ್ಮಶಾನದಲ್ಲಿ, ಸತ್ತ ತಾಯಿಯ ಗೋರಿಯೊಳಗಿಂದ. ಒಂದು ಕಾಲಕ್ಕೆ ನೆಲದ ಮೇಲಿದ್ದು ಮನುಷ್ಯರ ಕಾಟಕ್ಕೆ ಮೂಲೆ ಸೇರಿದ ಪ್ರೇತಕುಲದ ಕೊನೆಯ ಕುಡಿ ಅವನು. ತಂದೆಯ ದೇಹ ಕೊಳೆತುಹೋಗಿ ಒಂದು ಕಣ್ಣುಗುಡ್ಡೆ ಮಾತ್ರ ಜೀವ ಹಿಡಿದು ಮಗನ ಜೊತೆಗಿದೆ. ಮೂಲದಲ್ಲಿ ಇದು ಮಿಝುಕಿ ಕಟ್ಟಿದ ಕಥೆಯಲ್ಲ. 1930ರ ದಶಕದಲ್ಲಿ ಬೀದಿಯಲ್ಲಿ ಚಿತ್ರಪಟ ತೋರಿಸಿ ಕಥೆ ಹೇಳುವವರು ಜನಪ್ರಿಯಗೊಳಿಸಿದ್ದ ಪಾತ್ರ. ಅದೇ ಕಸುಬಿನಲ್ಲಿದ್ದ ಮಿಝುಕಿ ಅದನ್ನೆತ್ತಿಕೊಂಡು 1960ರಲ್ಲಿ ಬಾಡಿಗೆ ಪುಸ್ತಕದಂಗಡಿಗಳ ಮಾಂಗಾ ಆಗಿ ಹೊಸದಾಗಿ ಬರೆದರು.

ಆ ಮೊದಲ ಕಥೆ ಶುರುವಾಗುವುದು ರಕ್ತನಿಧಿಯಲ್ಲಿ. ಆಸ್ಪತ್ರೆಯ ರೋಗಿಯೊಬ್ಬನಿಗೆ ಕೊಟ್ಟ ರಕ್ತ ಮನುಷ್ಯರದಲ್ಲ ಎಂದು ಗೊತ್ತಾಗಿ, ಅದು ಎಲ್ಲಿಂದ ಬಂತೆಂದು ಪತ್ತೆ ಹಚ್ಚಲು ನೌಕರನೊಬ್ಬ ಹೊರಡುತ್ತಾನೆ. ಹಾಳುಬಿದ್ದ ದೇವಾಲಯದಲ್ಲಿ ಬೀಡುಬಿಟ್ಟ ಪ್ರೇತ ದಂಪತಿ ಅವನಿಗೆ ಎದುರಾಗುತ್ತಾರೆ. ಗಂಡನಿಗೆ ಕಾಯಿಲೆ, ಔಷಧದ ಹಣಕ್ಕಾಗಿ ತುಂಬು ಬಸುರಿ ಹೆಂಡತಿ ರಕ್ತ ಮಾರಿದ್ದಾಳೆ. ಅಂದಿನ ಓದುಗರಿಗೆ ಇದು ಕೇವಲ ಕಲ್ಪನೆಯಾಗಿರಲಿಲ್ಲ. ಯುದ್ಧಾನಂತರದ ಜಪಾನಿನಲ್ಲಿ ಬಡವರು ರಕ್ತ ಮಾರಿ ಹೊಟ್ಟೆ ಹೊರೆಯುತ್ತಿದ್ದರು. 1964ರ ಮಾರ್ಚ್‌ನಲ್ಲಿ ಅಮೆರಿಕದ ರಾಯಭಾರಿ ಎಡ್ವಿನ್ ರೈಶೌವರ್ ಅವರಿಗೆ ಯುವಕನೊಬ್ಬ ಚೂರಿ ಹಾಕಿದ. ಚಿಕಿತ್ಸೆಯಲ್ಲಿ ಕೊಟ್ಟ ರಕ್ತದಿಂದ ಅವರಿಗೆ ಹೆಪಟೈಟಿಸ್ ಅಂಟಿಕೊಂಡ ಮೇಲೆಯೇ ಸರ್ಕಾರ ರಕ್ತದ ವ್ಯಾಪಾರವನ್ನು ಬಿಟ್ಟು ರಕ್ತದಾನದತ್ತ ತಿರುಗಿತು. ಮಿಝುಕಿಯ ಪ್ರೇತಗಳು ಮನುಷ್ಯರ ರಕ್ತ ಹೀರುವುದಿಲ್ಲ, ತಮ್ಮದನ್ನೇ ಮಾರುತ್ತವೆ.

1965ರಲ್ಲಿ ಕಿತಾರೊ ಕೊದಾನ್‌ಶಾ ಸಂಸ್ಥೆಯ ಮಕ್ಕಳ ವಾರಪತ್ರಿಕೆಗೆ ಬಂದ. ಟೀವಿಗೆ ಹೋಗುವ ಮೊದಲು ಶೀರ್ಷಿಕೆಯಲ್ಲಿದ್ದ ‘ಸ್ಮಶಾನ’ವನ್ನು ಕಿತ್ತುಹಾಕಿ ‘ಗೆಗೆಗೆ ನೊ ಕಿತಾರೊ’ ಎಂದು ಹೆಸರಿಟ್ಟರು. ಪ್ರಾಯೋಜಕರು ಸ್ಮಶಾನಕ್ಕೆ ಹಣ ಹಾಕಲು ಒಲ್ಲೆವೆಂದರಂತೆ. ಹುಡುಗನೂ ಮೆತ್ತಗಾದ, ಮನುಷ್ಯರ ಪರ ನಿಂತು ದುಷ್ಟ ಭೂತಗಳನ್ನು ಓಡಿಸುವ ಪಂಚಾಯ್ತಿದಾರನಾದ. ಹಳೆಯ ಹೊಟ್ಟೆಪಾಡು ಉಳಿದದ್ದು ನೆಝುಮಿ ಒತೊಕೊ ಎಂಬ ಇಲಿಮನುಷ್ಯನಲ್ಲಿ. ಅರ್ಧ ಮನುಷ್ಯ, ಅರ್ಧ ಭೂತ, ಸ್ನಾನ ಕಾಣದವನು, ಕಾಸಿಗಾಗಿ ಎರಡೂ ಪಕ್ಷಕ್ಕೆ ದ್ರೋಹ ಬಗೆಯುವವನು. ಮಿಝುಕಿಗೆ ತಮ್ಮ ಪಾತ್ರಗಳಲ್ಲೆಲ್ಲ ಅಚ್ಚುಮೆಚ್ಚು ಅವನೇ. ಕಿತಾರೊನಿಗಿಂತ ಅವನೇ ನಿಜವಾದ ಗಡಿವಾಸಿ ಎಂದರೆ ತಪ್ಪಾಗದು.

ಗೊ ನಗಾಯಿಯ ‘ಡೆವಿಲ್‌ಮ್ಯಾನ್’ (1972–73) ಬಂದಾಗ ಈ ಪಂಚಾಯ್ತಿ ಮುರಿದುಬಿತ್ತು. ಪುಕ್ಕಲು ಹುಡುಗ ಅಕಿರಾ ಫುದೊ ಅಮೊನ್ ಎಂಬ ರಾಕ್ಷಸನನ್ನು ತನ್ನ ಮೈಯೊಳಗೆ ಬಿಟ್ಟುಕೊಂಡು, ಮನಸ್ಸನ್ನು ಮಾತ್ರ ತನ್ನ ಹಿಡಿತದಲ್ಲಿ ಉಳಿಸಿಕೊಳ್ಳುತ್ತಾನೆ. ಅದೇ ಹೊತ್ತಿನಲ್ಲಿ ಬಂದ ಟೀವಿ ಸರಣಿಯಲ್ಲಿ ಅವನು ವಾರಕ್ಕೊಂದು ರಾಕ್ಷಸನನ್ನು ಕೊಲ್ಲುವ ವೀರ. ಪತ್ರಿಕೆಯ ಪುಟಗಳಲ್ಲಿ ಆದದ್ದೇ ಬೇರೆ. ರಾಕ್ಷಸರು ನಮ್ಮ ನಡುವೆ ವೇಷ ಮರೆಸಿಕೊಂಡಿದ್ದಾರೆಂಬ ಸುದ್ದಿ ಹಬ್ಬುತ್ತದೆ, ಮನುಷ್ಯರು ನೆರೆಹೊರೆಯವರನ್ನು ಹಿಡಿದು ಚಿತ್ರಹಿಂಸೆಗೆ ಒಪ್ಪಿಸುತ್ತಾರೆ. ಅಕಿರಾನಿಗೆ ಆಸರೆ ಕೊಟ್ಟಿದ್ದ ಮನೆಗೆ ಜನ ನುಗ್ಗಿ ಅವನು ಪ್ರೀತಿಸುತ್ತಿದ್ದ ಮಿಕಿಯನ್ನು ಕಡಿದುಹಾಕುತ್ತಾರೆ. ಅವಳು ರಾಕ್ಷಸಿಯಲ್ಲ, ಅರ್ಧ ರಾಕ್ಷಸಿಯೂ ಅಲ್ಲ. ಮಕ್ಕಳ ಪತ್ರಿಕೆಯೊಂದರಲ್ಲಿ ಇದು ಅಚ್ಚಾಯಿತೆಂಬುದು ಇಂದಿಗೂ ನಂಬಲು ಕಷ್ಟ.

ಇಲ್ಲಿ ತಡೆದು ಒಂದು ತಕರಾರು ಹೇಳಬೇಕು. ಅರ್ಧ ರಾಕ್ಷಸನನ್ನು ಸಮಾಜದ ಅಂಚಿನವರ ರೂಪಕವಾಗಿ ಓದುವುದು ಈಗಿನ ವಾಡಿಕೆ. ಜಪಾನಿನಲ್ಲಿ ಅಂಥವರಿಗೆ ಕೊರತೆಯಿಲ್ಲ: 1871ರ ಆಜ್ಞೆ ಕಾಗದದ ಮೇಲೆ ಬಿಡುಗಡೆ ಮಾಡಿದ ಮೇಲೂ ಹೀನಾಯಕ್ಕೆ ಗುರಿಯಾದ, ಅಸ್ಪೃಶ್ಯರೆನಿಸಿದ್ದ ಬುರಾಕು ಜನ, ತಲೆಮಾರುಗಳಿಂದ ಅಲ್ಲೇ ಇದ್ದೂ ಪರಕೀಯರೆನಿಸಿಕೊಂಡ ಕೊರಿಯನ್ನರು, 1996ರವರೆಗೂ ಕಾನೂನೇ ಬೇಲಿ ಹಾಕಿ ಇಟ್ಟಿದ್ದ ಕುಷ್ಠರೋಗಿಗಳು. ಆದರೆ ರೂಪಕ ಒಂದು ಕಡೆ ಕೈಕೊಡುತ್ತದೆ. ಘೂಲ್ ನಿಜಕ್ಕೂ ಮನುಷ್ಯರನ್ನು ತಿನ್ನುತ್ತದೆ. ಬುರಾಕು ಕುಟುಂಬ ಯಾರನ್ನೂ ತಿನ್ನಲಿಲ್ಲ. 1923ರ ಸೆಪ್ಟೆಂಬರ್ 1ರಂದು ಕಾಂತೊ ಭೂಕಂಪವಾದ ಮೇಲೆ ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆಂಬ ಗಾಳಿಮಾತಿಗೆ ಸಾವಿರಾರು ಜನರ ಕೊಲೆಯಾಯಿತು. ವಿಷದ ಮಾತು ಸುಳ್ಳಾಗಿತ್ತು ಎನ್ನುವುದೇ ಆ ಘಟನೆಯ ಜೀವಾಳ. ಅಂಚಿನವರಿಗೆ ನಿಜವಾದ ಕೋರೆಹಲ್ಲು ಕೊಟ್ಟು ಆಮೇಲೆ ಅವರ ಮೇಲೆ ಕನಿಕರ ಬೇಡುವ ಕಥೆ, ತನಗರಿವಿಲ್ಲದೆ ಗಾಳಿಮಾತಿಗೆ ಅರ್ಧ ಸಾಕ್ಷಿ ನುಡಿದಂತಾಗುತ್ತದೆ. ‘ಡೆವಿಲ್‌ಮ್ಯಾನ್’ ಈ ಪರೀಕ್ಷೆಯಲ್ಲಿ ಪಾಸಾಗುವುದು ಅದು ಕೊಲ್ಲಿಸುವುದು ನಿರಪರಾಧಿಗಳನ್ನು ಎಂಬ ಕಾರಣಕ್ಕೆ. ಉಳಿದ ಕೃತಿಗಳನ್ನು ರೂಪಕವೆಂದು ಓದದೆ, ಹಸಿವಿನ ಕಥೆಯೆಂದೇ ಓದುವುದು ಕ್ಷೇಮ.

ಹಾಗೆ ಓದಲು ಹಿತೋಶಿ ಇವಾಕಿಯ ‘ಪ್ಯಾರಾಸೈಟ್’ಗಿಂತ ಒಳ್ಳೆಯ ಕೃತಿ ಸಿಗುವುದು ಕಷ್ಟ. 1980ರ ದಶಕದ ಕೊನೆಗೆ ಶುರುವಾಗಿ ಮುಂದಿನ ದಶಕದ ನಡುವೆ ಹತ್ತು ಸಂಪುಟಗಳಲ್ಲಿ ಮುಗಿದದ್ದು. 1993ರಲ್ಲಿ ಕೊದಾನ್‌ಶಾ ಮಾಂಗಾ ಪ್ರಶಸ್ತಿ ಪಡೆಯಿತು. ಎಲ್ಲಿಂದಲೋ ಬಂದ ಪರಾವಲಂಬಿಗಳು ಮನುಷ್ಯರ ತಲೆ ಹೊಕ್ಕು, ಮೈಯನ್ನು ವಶ ಮಾಡಿಕೊಂಡು, ಇತರ ಮನುಷ್ಯರನ್ನು ತಿನ್ನುತ್ತವೆ. ಶಿನ್‌ಇಚಿ ಇಝುಮಿ ಎಂಬ ವಿದ್ಯಾರ್ಥಿಯ ವಿಷಯದಲ್ಲಿ ಲೆಕ್ಕ ತಪ್ಪಿ, ಹುಳು ತಲೆಯ ಬದಲು ಬಲಗೈಯಲ್ಲಿ ಉಳಿಯುತ್ತದೆ. ಮಿಗಿ ಎಂಬ ಆ ಕೈಗೆ ನರಮಾಂಸ ಬೇಕಿಲ್ಲ, ಶಿನ್‌ಇಚಿ ಉಂಡ ಅನ್ನದ ಸಾರ ರಕ್ತದಲ್ಲಿ ಬಂದರೆ ಸಾಕು. ಒಂದೇ ತಟ್ಟೆಯಲ್ಲಿ ಉಣ್ಣುವ ಇಬ್ಬರಿಗೆ ದ್ವೇಷ ಹೆಚ್ಚು ದಿನ ಬಾಳುವುದಿಲ್ಲ ಎಂಬುದನ್ನು ಇವಾಕಿ ಬಾಯಿಬಿಟ್ಟು ಹೇಳದೆ ತೋರಿಸುತ್ತಾರೆ.

ಅದರ ಬೆಲೆಯನ್ನೂ ತೋರಿಸುತ್ತಾರೆ. ತಾಯಿಯ ದೇಹ ಹೊಕ್ಕ ಪರಾವಲಂಬಿ ಶಿನ್‌ಇಚಿಯ ಎದೆಯನ್ನು ತೂತು ಮಾಡಿದಾಗ, ಮಿಗಿ ತನ್ನ ಕಣಗಳಿಂದಲೇ ಆ ಹೃದಯವನ್ನು ಹೊಲಿಯುತ್ತದೆ. ಹುಡುಗ ಬದುಕುತ್ತಾನೆ, ಆದರೆ ಒಳಗೆ ಏನೋ ಮರಗಟ್ಟುತ್ತದೆ. ಬೀದಿಯಲ್ಲಿ ಸಾಯುತ್ತಿದ್ದ ನಾಯಿಮರಿಯನ್ನು ಎದೆಗವಚಿಕೊಂಡು ಕೂತವನು, ಅದು ಸತ್ತ ಕೂಡಲೇ ಕಸದ ಡಬ್ಬಿಗೆ ಹಾಕುತ್ತಾನೆ. ಸತ್ತ ಮೇಲೆ ಅದು ನಾಯಿಯಲ್ಲ, ನಾಯಿಯ ಆಕಾರದ ಮಾಂಸ ಎಂಬುದು ಅವನ ತರ್ಕ. ಜೊತೆಗಿದ್ದ ಹುಡುಗಿ ಮುರಾನೊ ಬಿಳಿಚಿಕೊಂಡು ನಿಲ್ಲುತ್ತಾಳೆ. ಗಡಿ ದಾಟಿದ್ದನ್ನು ಇಷ್ಟು ಸಣ್ಣ ಘಟನೆಯಲ್ಲಿ ಹಿಡಿದ ಇನ್ನೊಂದು ಉದಾಹರಣೆ ಈ ಪ್ರಕಾರದಲ್ಲಿಲ್ಲ. ಇತ್ತ ರೇಕೊ ತಮುರಾ ಎಂಬ ಪರಾವಲಂಬಿ ಶಿಕ್ಷಕಿ ತನ್ನ ಮೇಲೇ ಪ್ರಯೋಗ ನಡೆಸಿ, ಸಾಮಾನ್ಯ ಊಟದಲ್ಲೂ ತನ್ನ ಜಾತಿ ಬದುಕಬಹುದೆಂದು ಕಂಡುಕೊಳ್ಳುತ್ತಾಳೆ. ಕೊನೆಗೆ ತಾನು ಹೆತ್ತ ಮನುಷ್ಯ ಶಿಶುವನ್ನು ತೋಳಲ್ಲಿ ಮುಚ್ಚಿಕೊಂಡು ಪೊಲೀಸರ ಗುಂಡಿಗೆ ಸಾಯುತ್ತಾಳೆ.

ಕನೆಕಿಯ ಕಥೆ ಶುರುವಾಗುವುದು ಮತ್ತೆ ಆಸ್ಪತ್ರೆಯಲ್ಲೇ. ರಿಝೆ ಎಂಬ ಚೆಲುವೆಯ ಜೊತೆ ಪುಸ್ತಕಗಳ ಮಾತಾಡುತ್ತ ಹೋದವನ ಮೇಲೆ, ಘೂಲ್ ಆಗಿದ್ದ ಅವಳು ಎರಗುತ್ತಾಳೆ. ಕಟ್ಟಡದ ಉಕ್ಕಿನ ತೊಲೆಗಳು ಬಿದ್ದು ಅವಳು ಜಜ್ಜಿಹೋಗುತ್ತಾಳೆ. ವೈದ್ಯ ಅವಳ ಅಂಗಗಳನ್ನು ಇವನಿಗೆ ಕಸಿ ಮಾಡುತ್ತಾನೆ, ಬಂಧುಗಳ ಒಪ್ಪಿಗೆ ಇಲ್ಲದೆ. ಜಪಾನಿನ ಓದುಗನಿಗೆ ಇದು ಹಳೆಯ ಗಾಯ. 1968ರ ಆಗಸ್ಟ್‌ನಲ್ಲಿ ಸಪ್ಪೊರೊದಲ್ಲಿ ಜೂರೊ ವಾದಾ ದೇಶದ ಮೊದಲ ಹೃದಯ ಕಸಿ ಮಾಡಿದರು. ರೋಗಿ ಬದುಕಿದ್ದು 83 ದಿನ. ದಾನಿ ನಿಜಕ್ಕೂ ಸತ್ತಿದ್ದನೇ, ರೋಗಿಗೆ ಕಸಿಯ ಅಗತ್ಯವಿತ್ತೇ ಎಂಬ ಪ್ರಶ್ನೆಗಳೆದ್ದು ವೈದ್ಯರ ಮೇಲೆ ತನಿಖೆಯಾಯಿತು. ಮೊಕದ್ದಮೆ ನಿಲ್ಲಲಿಲ್ಲ, ಆದರೆ ಜನರ ನಂಬಿಕೆ ಮುರಿಯಿತು. ಮುಂದಿನ ಹೃದಯ ಕಸಿ ನಡೆದದ್ದು ಕಾನೂನು ಬಂದ ಮೇಲೆ, 1999ರಲ್ಲಿ. ದಾನಿಯ ಇಚ್ಛೆ ತಿಳಿಯದಿದ್ದರೂ ಮನೆಯವರ ಒಪ್ಪಿಗೆ ಸಾಕೆಂಬ ತಿದ್ದುಪಡಿ ಜಾರಿಯಾದದ್ದು 2010ರ ಜುಲೈನಲ್ಲಿ. ‘ಟೋಕಿಯೊ ಘೂಲ್’ ‘ವೀಕ್ಲಿ ಯಂಗ್ ಜಂಪ್’ನಲ್ಲಿ ಆರಂಭವಾದದ್ದು 2011ರ ಸೆಪ್ಟೆಂಬರ್‌ನಲ್ಲಿ. ಇಶಿದಾ ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಬರೆದರೆಂದು ವಾದಿಸಬೇಕಿಲ್ಲ. ಬೇರೆಯವರ ಅಂಗ ತನ್ನೊಳಗೆ ಬಂದರೆ ತಾನು ಯಾರು ಎಂಬ ದಿಗಿಲು ಗಾಳಿಯಲ್ಲೇ ಇತ್ತು.

ಆದರೆ ಇಶಿದಾರ ಅಸಲು ಸಾಮರ್ಥ್ಯ ಇರುವುದು ಆಸ್ಪತ್ರೆಯ ಆಚೆ, ಆಂತೇಕು ಎಂಬ ಆ ಕಾಫಿ ಅಂಗಡಿಯಲ್ಲಿ. ಬೇಟೆಯಾಡಲಾರದ ಘೂಲ್‌ಗಳಿಗೆ ಅಂಗಡಿಯವರು ಮಾಂಸ ಹಂಚುತ್ತಾರೆ. ಆತ್ಮಹತ್ಯೆ ಮಾಡಿಕೊಂಡವರ ಹೆಣಗಳನ್ನು ಹುಡುಕಿ ತರುವುದೇ ಅವರ ಪಡಿತರ ವ್ಯವಸ್ಥೆ. ಯಾರನ್ನೂ ಕೊಲ್ಲದ ಏರ್ಪಾಡು, ಆದರೂ ಒಂದು ನಗರದ ಹತಾಶೆಯ ಮೇಲೆ ನಿಂತದ್ದು. ಅಂಗಡಿಯ ಹುಡುಗಿ ತೋಕಾಗೆ ಯೊರಿಕೊ ಎಂಬ ಮನುಷ್ಯ ಗೆಳತಿ. ಆಕೆಗೆ ಅಡುಗೆಯ ಹುಚ್ಚು, ತೋಕಾಗೆಂದೇ ಡಬ್ಬಿ ಕಟ್ಟಿ ತರುತ್ತಾಳೆ. ಘೂಲ್ ನಾಲಿಗೆಗೆ ಆ ಊಟ ವಾಕರಿಕೆ, ಹೊಟ್ಟೆಗೆ ವಿಷ. ತೋಕಾ ನಗುತ್ತ ತಿನ್ನುತ್ತಾಳೆ, ಕಾಯಿಲೆ ಬೀಳುತ್ತಾಳೆ, ಮತ್ತೆ ತಿನ್ನುತ್ತಾಳೆ. ಇನ್ನೊಂದು ತುದಿಯಲ್ಲಿ ತ್ಸುಕಿಯಾಮಾ ಇದ್ದಾನೆ: ಸಿರಿವಂತ, ರಸಜ್ಞ, ಮುಖವಾಡ ತೊಟ್ಟ ಘೂಲ್‌ಗಳು ಕೂತು ಮನುಷ್ಯನನ್ನು ಕೊಯ್ಯುವುದನ್ನೇ ಮನರಂಜನೆಯಾಗಿ ನೋಡುವ ರೆಸ್ಟೋರೆಂಟಿನ ಖಾಯಂ ಗಿರಾಕಿ. ರಾಕ್ಷಸರಲ್ಲೂ ಪಡಿತರದವರು, ಪಂಚತಾರಾದವರು ಎಂಬ ಭೇದವುಂಟು. ಮನುಷ್ಯರ ಸೇನೆಯೂ ಕಮ್ಮಿಯಿಲ್ಲ; ಘೂಲ್ ಬೇಟೆಗಾರರು ಹಿಡಿಯುವ ಆಯುಧಗಳು ತಯಾರಾಗುವುದು ಸತ್ತ ಘೂಲ್‌ಗಳ ಅಂಗಗಳಿಂದಲೇ. ತಂದೆ ತಾಯಿಯನ್ನು ಕಳೆದುಕೊಂಡ ಪುಟ್ಟ ಹುಡುಗಿ ಹಿನಾಮಿ ಅವರ ಮೈಯಿಂದಲೇ ಮಾಡಿದ ಆಯುಧಗಳನ್ನು ಎದುರಿಸಬೇಕಾಗುತ್ತದೆ.

ಇದಕ್ಕೆ ಹೋಲಿಸಿದರೆ ಕೆಲವು ಹೆಸರಾಂತ ಕೃತಿಗಳನ್ನು ಬೇಗ ದಾಟಬಹುದು. ರುಮಿಕೊ ತಕಾಹಾಶಿಯ ‘ಇನುಯಾಶಾ’ (1996–2008) ನಾಯಕನನ್ನು ಅರ್ಧ ರಾಕ್ಷಸನೆಂದು ಕರೆದು ಅಮಾವಾಸ್ಯೆಗೊಮ್ಮೆ ಪೂರ್ತಿ ಮನುಷ್ಯನನ್ನಾಗಿಸುತ್ತದೆ. ಚೆಂದದ ಉಪಾಯ, ಆದರೆ 56 ಸಂಪುಟಗಳಲ್ಲಿ ಅದು ಹೆಚ್ಚು ಕೆಲಸ ಮಾಡುವುದು ಪ್ರೇಮಕಥೆಯಲ್ಲಿ. ಕೆಂತಾರೊ ಮಿಉರಾರ ‘ಬರ್ಸರ್ಕ್’ನಲ್ಲಿ ನಾಯಕ ಗಟ್ಸ್‌ನ ಕತ್ತಿನ ಮೇಲೆ ಬಲಿಪಶುವಿನ ಮುದ್ರೆಯಿದೆ, ಕತ್ತಲಾದರೆ ಪ್ರೇತಗಳು ಮುತ್ತಿಕೊಳ್ಳುತ್ತವೆ. 1989ರಿಂದ ನಡೆದು 2021ರಲ್ಲಿ ಕರ್ತೃ ತೀರಿಹೋದ ಮೇಲೂ ಗೆಳೆಯ ಕೌಜಿ ಮೊರಿಯ ಉಸ್ತುವಾರಿಯಲ್ಲಿ ಮುಂದುವರಿದಿರುವ ಈ ಮಹಾಕೃತಿಯ ಚಿತ್ರಗಳ ಎದುರು ಮಾತೇ ಹೊರಡದು. ಆದರೂ ಗಟ್ಸ್ ಎರಡು ಲೋಕಗಳ ನಡುವೆ ಬದುಕುವವನಲ್ಲ, ಬಡಿದಾಡುವವನು.

ಕ್ಯೂ ಹಯಾಶಿದಾರ ‘ದೊರೊಹೆದೊರೊ’ (2000–2018) ಮಾತ್ರ ಇನ್ನಷ್ಟು ಓದುಗರನ್ನು ಪಡೆಯಬೇಕಿತ್ತು. ಮಾಟಗಾರರು ಬೇರೆ ಲೋಕದಿಂದ ಬಾಗಿಲು ತೆರೆದುಕೊಂಡು ‘ಹೋಲ್’ ಎಂಬ ಕೊಳಕು ಊರಿಗೆ ಬಂದು, ಅಲ್ಲಿನವರ ಮೇಲೆ ತಮ್ಮ ವಿದ್ಯೆಯನ್ನು ಪ್ರಯೋಗಿಸಿ ಹೋಗುತ್ತಾರೆ. ಹಲ್ಲಿಯ ತಲೆ ಪಡೆದ ಕೈಮನ್‌ಗೆ ಹಳೆಯ ನೆನಪೇ ಇಲ್ಲ. ಅವನು ಮಾಟದ ಬಲಿಪಶುಗಳನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾನೆ, ಗೆಳತಿ ನಿಕಾಯಿದೊಳ ಹೋಟೆಲಿನಲ್ಲಿ ಗ್ಯೋಝಾ ಎಂಬ ಕಡುಬು ತಿನ್ನುತ್ತಾನೆ. ಆಸ್ಪತ್ರೆ, ಅಡುಗೆಮನೆ ಎರಡೂ ಇವೆ, ಜೊತೆಗೆ ಈ ಪ್ರಕಾರದಲ್ಲಿ ಅಪರೂಪವಾದ ಹಾಸ್ಯವೂ ಇದೆ. ಆ ನಿಕಾಯಿದೊ ಕೂಡ ಗುಟ್ಟಾಗಿ ಮಾಟಗಾರ್ತಿಯೇ.

ಊಟದ ಒಪ್ಪಂದವನ್ನು ರಾಜಕೀಯದ ಮಟ್ಟಕ್ಕೆ ಏರಿಸಿದ್ದು ಕಾಯಿಯು ಶಿರಾಯಿ ಬರೆದು ಪೊಸುಕಾ ದೆಮಿಝು ಚಿತ್ರಿಸಿದ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ (2016–2020). ಸಾವಿರ ವರ್ಷಗಳ ಹಿಂದೆ ಮನುಷ್ಯರೂ ರಾಕ್ಷಸರೂ ಕರಾರು ಮಾಡಿಕೊಂಡಿದ್ದಾರೆ: ಲೋಕಗಳು ಬೇರೆಯಾಗಲಿ, ಬೇಟೆ ನಿಲ್ಲಲಿ, ಬದಲಿಗೆ ಒಂದಿಷ್ಟು ಮನುಷ್ಯರನ್ನು ಸಾಕಣೆಗೆ ಬಿಟ್ಟುಕೊಡೋಣ. ಕನ್ನಡದ ಓದುಗನಿಗೆ ಇಲ್ಲಿ ಏಕಚಕ್ರನಗರದ ಬಕಾಸುರ ನೆನಪಾಗದಿರನು. ಸರದಿಯಂತೆ ಬಂಡಿ ತುಂಬ ಅನ್ನ, ಕೋಣ, ಮನೆಗೊಬ್ಬ ಮನುಷ್ಯ, ಅದೂ ಕರಾರೇ. ಭೀಮ ಅದನ್ನು ತೋಳಬಲದಿಂದ ಮುರಿದ. ಈ ಮಾಂಗಾದಲ್ಲಿ ಭೀಮನಿಲ್ಲ, ಎಮ್ಮಾ ಎಂಬ ಹುಡುಗಿಯಿದ್ದಾಳೆ. ಅವಳು ರಾಕ್ಷಸರನ್ನು ಕೊಲ್ಲಲು ಒಪ್ಪುವುದಿಲ್ಲ. ಮನುಷ್ಯರನ್ನು ತಿನ್ನದಿದ್ದರೆ ಅವು ಬುದ್ಧಿ, ರೂಪ ಕಳೆದುಕೊಂಡು ಮೃಗಗಳಾಗುತ್ತವೆ. ಆ ಶಾಪದಿಂದ ಬಿಡಿಸುವ ರಕ್ತವೊಂದಿದೆ ಎಂದು ಗೊತ್ತಿದ್ದೂ ಅರಸುಮನೆತನದವರು ಅದನ್ನು ಹತ್ತಿಕ್ಕುತ್ತಾರೆ. ಪ್ರಜೆಗಳಿಗೆ ಹಸಿವಿದ್ದರೆ ತಾನೆ ದೊರೆಗೆ ಬೆಲೆ?

ಕೊಯೊಹಾರು ಗೊತೌಗೆಯ ‘ಡೀಮನ್ ಸ್ಲೇಯರ್’ (2016–2020) ಈ ಎಲ್ಲದರಲ್ಲಿ ಅತಿ ಹೆಚ್ಚು ಜನ ಕಂಡ ಕಥೆ. ಅದರ ‘ಇನ್ಫಿನಿಟಿ ಕ್ಯಾಸಲ್’ ಚಿತ್ರ 2025ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಜೊತೆಯಲ್ಲೇ ಬಂತು. ಬೆಂಗಳೂರಿನ ಮಾಂಗಾ ಅಭಿಮಾನಿಗಳು ಈ ಪುಸ್ತಕಗಳನ್ನು ಓದುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ. ಕಥೆಯಲ್ಲಿ ರಾಕ್ಷಸಿಯಾದ, ನಾಯಕನ ತಂಗಿ ನೆಝುಕೊ ನರಮಾಂಸದ ಬದಲು ನಿದ್ದೆಯಿಂದ ಶಕ್ತಿ ಪಡೆಯುತ್ತಾಳೆ. ಇದು ಸಮಸ್ಯೆಯನ್ನು ಬಿಡಿಸಿದಂತಲ್ಲ, ಜಾರಿಸಿದಂತೆ. ಹೆಚ್ಚು ಕುತೂಹಲದ ಪಾತ್ರ ತಮಾಯೊ ಎಂಬ ರಾಕ್ಷಸ ವೈದ್ಯೆ. ಆಕೆ ಬಡವರಿಗೆ ಹಣ ಕೊಟ್ಟು, ಪ್ರಾಣಕ್ಕೆ ಅಪಾಯವಾಗದಷ್ಟೇ ರಕ್ತ ಕೊಂಡು ಬದುಕುತ್ತಾಳೆ. ಕಿತಾರೊನ ತಾಯಿ ರಕ್ತ ಮಾರಿದಳು, ತಮಾಯೊ ಕೊಳ್ಳುತ್ತಾಳೆ. ಎರಡು ಕಥೆಗಳಲ್ಲೂ ಮಾರುವವರು ಬಡವರೇ.

ತತ್ಸುಕಿ ಫುಜಿಮೊತೊರ ‘ಚೈನ್‌ಸಾ ಮ್ಯಾನ್’ (2018ರಿಂದ) ಇದನ್ನು ನಗುನಗುತ್ತಲೇ ಇನ್ನೂ ಕೆಳಕ್ಕೆ ಒಯ್ಯುತ್ತದೆ. ಸತ್ತ ಅಪ್ಪನ ಸಾಲ ತೀರಿಸಲು ಡೆಂಜಿ ಮೂತ್ರಪಿಂಡವನ್ನೂ ಒಂದು ಕಣ್ಣನ್ನೂ ಮಾರಿಕೊಂಡಿದ್ದಾನೆ. ಬ್ರೆಡ್ಡಿಗೆ ಜ್ಯಾಮ್ ಸವರಿ ತಿನ್ನುವುದೇ ಅವನ ಸ್ವರ್ಗ. ಎದೆಯಲ್ಲಿ ಪಿಶಾಚಿ ನಾಯಿಯ ಹೃದಯ ಬಂದ ಮೇಲೆ ಸರ್ಕಾರಿ ನೌಕರಿ, ಬಿಸಿನೀರಿನ ಸ್ನಾನ, ಮೂರು ಹೊತ್ತಿನ ಊಟ ಸಿಗುತ್ತವೆ. ಮನುಷ್ಯನಾಗಿದ್ದಾಗ ಸಿಗದ ಮನುಷ್ಯರ ಬಾಳು ಪಿಶಾಚಿಯಾದ ಮೇಲೆ ಸಿಕ್ಕಿತು. ಮೊದಲ ಭಾಗದ ಕೊನೆಯನ್ನು ಹೇಳಿದರೆ ಓದದವರಿಗೆ ಅನ್ಯಾಯವಾದೀತು, ಆದರೂ ಹೇಳದೆ ಇರಲಾಗದು. ತಾನು ಪ್ರೀತಿಸಿದ, ತನ್ನನ್ನು ನಾಯಿಯಂತೆ ಸಾಕಿದ ಮಕಿಮಾಳನ್ನು ಡೆಂಜಿ ಬೇರೆ ಬೇರೆ ಅಡುಗೆ ಮಾಡಿ ತಿಂದು ಮುಗಿಸುತ್ತಾನೆ. ಅವನ ಮಟ್ಟಿಗೆ ಅದು ಕೊಲೆಯಲ್ಲ.

ಹಜಿಮೆ ಇಸಾಯಾಮಾರ ‘ಅಟ್ಯಾಕ್ ಆನ್ ಟೈಟನ್’ (2009–2021) ಬೇರೆಯದೇ ಪಾಠ ಕಲಿಸುತ್ತದೆ. ಅಲ್ಲಿನ ದೈತ್ಯರಿಗೆ ಹಸಿವೇ ಇಲ್ಲ. ಸುಮ್ಮನೆ ತಿಂದು ಕಕ್ಕುತ್ತಾರೆ. ಹಸಿವಿಲ್ಲದ ಕಡೆ ಕಥೆ ಬೇಗನೆ ದೇಶ, ಜನಾಂಗ, ಸೇಡಿನ ಕಡೆ ಓಡುತ್ತದೆ, ಕೊನೆಗೆ ಭೂಮಿಯ ಬಹುಪಾಲನ್ನೇ ತುಳಿದುಹಾಕುತ್ತದೆ. ಅದರ ಅತ್ಯುತ್ತಮ ಅಧ್ಯಾಯಗಳಲ್ಲಿ ಒಂದು ನಡೆಯುವುದು ಮಾತ್ರ ಹೋಟೆಲಿನಲ್ಲಿ. ಶತ್ರುದೇಶದ ಬಾಣಸಿಗನ ಊಟ ಉಣ್ಣಲು ಬಂದ ತಂದೆ, ತನ್ನ ಮಗಳನ್ನು ಕೊಂದ ಹುಡುಗಿ ಎದುರಿಗೇ ಸಿಕ್ಕಿ, ಕೈಗೆ ಚಾಕು ಬಂದಾಗಲೂ ಇರಿಯಲು ಒಪ್ಪುವುದಿಲ್ಲ.

‘ಟೋಕಿಯೊ ಘೂಲ್’ ಕೂಡ ಕೊನೆಗೆ ಅದೇ ದಾರಿ ಹಿಡಿಯಿತು. 14 ಸಂಪುಟಗಳ ಮೊದಲ ಭಾಗ ಆಂತೇಕು ಅಂಗಡಿಯ ನಾಶದೊಂದಿಗೆ ಮುಗಿದು, 16 ಸಂಪುಟಗಳ ಎರಡನೆಯ ಭಾಗ 2018ರ ಜುಲೈವರೆಗೆ ನಡೆಯಿತು. ನೆನಪು ಕಳೆದುಕೊಂಡ ಕನೆಕಿ ಹೊಸ ಹೆಸರಿನಲ್ಲಿ ಘೂಲ್ ಬೇಟೆಗಾರನಾಗುವ ಆರಂಭದ ಭಾಗ ಮೊದಲಿನಷ್ಟೇ ಬಿಗಿಯಾಗಿದೆ. ಆಮೇಲೆ ಗುಪ್ತ ಸಂಘಟನೆಗಳು, ಒಳಸಂಚುಗಳು, ನಗರವನ್ನೇ ನುಂಗುವ ದೈತ್ಯಾಕಾರ ಎಲ್ಲ ಸೇರಿ ಯಾರು ಯಾರ ಮೇಲೆ ಬೀಳುತ್ತಿದ್ದಾರೆಂದು ಪುಟ ಹಿಂತಿರುಗಿಸಿ ನೋಡುವಂತಾಗುತ್ತದೆ. ಯುದ್ಧ ಮುಗಿದ ಮೇಲೆ ಘೂಲ್‌ಗಳೂ ಮನುಷ್ಯರೂ ಒಟ್ಟಿಗೆ ಕೆಲಸ ಮಾಡುವ ಹೊಸ ಸಂಸ್ಥೆ ಬರುತ್ತದೆ, ನರಮಾಂಸಕ್ಕೆ ಬದಲಾಗಿ ಕೃತಕ ಆಹಾರವೂ ಬರುತ್ತದೆ. ಮೂವತ್ತು ಸಂಪುಟಗಳು ಕಾದಿದ್ದ ಉತ್ತರಕ್ಕೆ ಕೊನೆಯಲ್ಲಿ ಸಿಗುವುದು ಕೆಲವೇ ಪುಟ. ಆ ಆಹಾರಕ್ಕೆ ಎಷ್ಟು ಬೆಲೆ, ಅದು ಹಳೆಯ ಪಡಿತರದವರ ಕೈಗೆ ಎಟುಕುತ್ತದೆಯೇ, ಮಾಂಸದ ರುಚಿ ಕಂಡ ತ್ಸುಕಿಯಾಮಾನಂಥವರು ಅದನ್ನು ಬಾಯಿಗಿಡುತ್ತಾರೆಯೇ, ಯೊರಿಕೊಳ ಡಬ್ಬಿಯನ್ನು ತೋಕಾ ಈಗ ಏನು ಮಾಡುತ್ತಾಳೆ? ಮೊದಲ ಭಾಗವನ್ನು ಬರೆದ ಇಶಿದಾ ಆಗಿದ್ದರೆ ಇವುಗಳಿಗೆ ಒಂದಿಡೀ ಸಂಪುಟವನ್ನೇ ಮೀಸಲಿಡುತ್ತಿದ್ದರು.